ಪಾಲಕ್ಕನ ಕೈನೋವು, ನನ್ನ ಇಂಗ್ಲಿಷು

ಪಾಲಕ್ಕ, ನಿನ್ನ ಮಾತನ್ನು ನಾನು ಸಾಹೇಬರಿಗೆ ಸುಳ್ಳಾಗಿ ಹೇಳಿದೆ. ತಪ್ಪಿ ಅಲ್ಲ — ತಿಳಿದೇ.

ಚಳ್ಳಕೆರೆಯ ಹೊರಗಿನ ಆ ಸ್ವಿಚ್ ಕಾರ್ಖಾನೆಯಲ್ಲಿ ನೀವೆಲ್ಲ ದಿನವಿಡೀ ಕೈಯಲ್ಲೇ ಸ್ಕ್ರೂ ತಿರುಗಿಸುತ್ತಿದ್ದಿರಿ. ನಾನು ಹೊಸ ಸೂಪರ್‌ವೈಸರ್. ನಮ್ಮ ಹಟ್ಟಿಯಲ್ಲಿ ಡಿಗ್ರಿ ಮುಗಿಸಿದ ಮೊದಲಿಗ. ಬೇರೆಯವರ ಹೊಲದಲ್ಲಿ ಶೇಂಗಾ ಕಿತ್ತು ಓದಿದವನು. ಆ ಹೆಮ್ಮೆ ಇವತ್ತೂ ಇದೆ, ಮುಚ್ಚಿಡುವುದಿಲ್ಲ.

ಪುಣೆಯಿಂದ ಇಂಜಿನಿಯರ್ ಸಾಹೇಬರು ಬಂದರು. ಮೇಲಿಂದ ಸ್ಪ್ರಿಂಗಿಗೆ ತೂಗುಬಿಡುವ, ಕೈ ತಿರುಗಿಸದೆಯೇ ಸ್ಕ್ರೂ ಬಿಗಿಯುವ ಕರೆಂಟಿನ ಸ್ಕ್ರೂಡ್ರೈವರುಗಳನ್ನು, ಕೈನೋವು ಹೆಚ್ಚಿರುವ ಕಾರ್ಖಾನೆಗೆ ಮೊದಲು ಕೊಡಬೇಕೆಂದಿದ್ದರು. ಅವರಿಗೆ ಕನ್ನಡ ಬಾರದು, ನಿನಗೆ ಇಂಗ್ಲಿಷ್ ಬಾರದು. ನಡುವೆ ನಾನು. ಕೈ ಹೇಗಿದೆ ಎಂದು ನನ್ನಿಂದ ನಿನ್ನನ್ನು ಕೇಳಿಸಿದರು.

"ಮಣಿಕಟ್ಟು ಸೆಳೀತೈತೆ ಕಣಪ್ಪ, ಬೆರಳೆಲ್ಲ ಜೋಮು ಹಿಡಿತಾವೆ. ಮುದ್ದೆ ಮುರಿಯಾಕೂ ಆಗಲ್ಲ, ನನ್ ಗಂಡನೇ ತುತ್ತು ಮಾಡಿ ಕೊಡ್ತಾನೆ. ಮದುವ್ಯಾಗೂ ಕೊಟ್ಟಿರ್ಲಿಲ್ಲ ಅಂತ ಹೇಳು ಅವರಿಗೆ."

ಹೆಂಗಸರೆಲ್ಲ ನಕ್ಕರು. ಸಾಹೇಬರೂ ನಗುತ್ತಲೇ, ಏನಂದರು ಎಂದು ನನ್ನತ್ತ ತಿರುಗಿದರು.

ನೋವೇನೂ ಇಲ್ಲವಂತೆ, ಈ ಕೆಲಸ ಆಟದಷ್ಟು ಹಗುರವಂತೆ — ಅಂದೆ. ಎಲ್ಲರೂ ನಗುತ್ತಿದ್ದರಲ್ಲ, ಸಾಹೇಬರು ನಂಬಿದರು.

ನನ್ನ ಕೆಲಸ ಖಾಯಂ ಆಗುವುದಿತ್ತು. ನನ್ನ ಕೈಕೆಳಗೆ ದೂರೇ ಇಲ್ಲ ಅನ್ನಿಸಿಕೊಳ್ಳಬೇಕಿತ್ತು — ಇಷ್ಟೇ. ಇದಕ್ಕಿಂತ ದೊಡ್ಡ ಕಾರಣ ಹುಡುಕಿದ್ದೇನೆ, ಸಿಕ್ಕಿಲ್ಲ. ಆ ಸ್ಕ್ರೂಡ್ರೈವರುಗಳು ಬೇರೆ ಊರಿನ ಕಾರ್ಖಾನೆಗೆ ಹೋದವು. ನಾನು ಖಾಯಂ ಆದೆ.

ನೀನು ಆ ಸ್ಕ್ರೂಡ್ರೈವರಿಗಾಗಿ ಕಾಯುತ್ತಲೇ ಇದ್ದೆ. "ಬಂತೇನಪ್ಪ ಅದು?" ಅನ್ನುತ್ತಿದ್ದೆ. "ಬರ್ತೈತೆ ತಗಳಕ್ಕ" ಅನ್ನುತ್ತಿದ್ದೆ ನಾನು. ಕಡೆಗೆ ನಿನ್ನ ಹೆಬ್ಬೆರಳಿಗೆ ಸ್ಕ್ರೂ ಹಿಡಿಯುವುದೇ ಆಗದೆ ನೀನು ಕೆಲಸ ಬಿಟ್ಟೆ, ರಾಂಪುರದ ಮಗಳ ಮನೆ ಸೇರಿದೆ. ಇಷ್ಟು ವರ್ಷವಾದರೂ ಕೈ ಮಾತ್ರ —

ಹೋದ ವಾರ ರಾಂಪುರದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕೆಯಲ್ಲ. ಬಲಗೈ ಮಡಿಲಲ್ಲಿಟ್ಟುಕೊಂಡೇ ಮೊಮ್ಮಗಳಿಗೆ ನನ್ನನ್ನು ತೋರಿಸಿದೆ: "ನೋಡೇ, ನಮ್ ಹಟ್ಟಿ ಹುಡುಗ. ನನ್ ಕಷ್ಟಾನ ಇಂಗ್ಲಿಷ್‌ನಾಗೆ ಹೇಳಿದೋನು ಇವನೇ. ಆ ಸಾಹೇಬನೇ ಮೋಸ ಮಾಡ್ದ."

ಟೀ ಕುಡೀತೀಯೇನಕ್ಕ — ಅಂದೆ.

ಇದನ್ನೆಲ್ಲ ಹೇಳಲು ನಾಳೆ ಬೆಳಗಿನ ಬಸ್ಸಿಗೆ ರಾಂಪುರಕ್ಕೆ ಬರುತ್ತಿದ್ದೇನೆ. ನಿನ್ನ ಮೊಮ್ಮಗಳೂ ಎದುರಿಗಿರಲಿ. ಸಾಹೇಬರು ಮೋಸ ಮಾಡಲಿಲ್ಲ ಅಕ್ಕ. ಅವರು ಸರಿಯಾಗೇ ಕೇಳಿದರು. ನೀನೂ ಸರಿಯಾಗೇ ಹೇಳಿದೆ.