ಮಂಜಿ ಮನೆಯ ಗಟ್ಟಿ ಸೊಳ್ಳೆಗಳು

ತದಡಿಯ ಮಂಜಿಗೆ ಮುಸ್ಸಂಜೆಯೆಂದರೆ ಎರಡು ಕಡೆಯಿಂದ ಕರೆ. ಧಕ್ಕೆಗೆ ಬೋಟುಗಳು ಬರುವ ಹೊತ್ತೂ ಅದೇ, ಮನೆಗೆ ಸೊಳ್ಳೆಗಳು ಬರುವ ಹೊತ್ತೂ ಅದೇ. ಧಕ್ಕೆಯಲ್ಲಿ ನಿಂತು ಹರಾಜಿನಲ್ಲಿ ತಾರ್ಲೆ ಮೀನು ಹಿಡಿದರೆ ಮರುದಿನ ಹೊಯ್ಗೆಯ ಮೇಲೆ ಹರವಿ ಒಣಗಿಸಬಹುದು, ಒಣಮೀನನ್ನು ಕುಮಟೆಯ ಸಂತೆಗೆ ಒಯ್ಯಬಹುದು. ಮನೆಯಲ್ಲಿ ನಿಂತರೆ ಕಿಟಕಿ ಮುಚ್ಚಿ, ತೆಂಗಿನ ಸಿಪ್ಪೆಯ ಹೊಗೆ ಹಾಕಿ, ಸೊಳ್ಳೆಬತ್ತಿ ಹಚ್ಚಿ, ಮೂರು ಪರದೆ ಕಟ್ಟಿ, ಅವುಗಳ ಅಂಚನ್ನು ಚಾಪೆಯಡಿಗೆ ಸಿಕ್ಕಿಸಬಹುದು. ಮಂಜಿ ಇವೆರಡನ್ನೂ ಮಾಡುತ್ತಿದ್ದಳು. ಹೊಗೆ ಹಾಕಿ ಧಕ್ಕೆಗೆ ಓಡುವುದು, ಬುಟ್ಟಿ ಹೊತ್ತು ಬಂದು ಪರದೆ ಕಟ್ಟುವುದು.

ಆ ಹೊತ್ತಿನಲ್ಲಿ ಮನೆಯಲ್ಲಿ ಬೇರೆ ಯಾರೂ ಇರುತ್ತಿರಲಿಲ್ಲವೆಂದಲ್ಲ. ಅತ್ತೆ ಲಕ್ಕಿ ಹೊಸ್ತಿಲ ಒಳಗೆ ಕಾಲು ಚಾಚಿ ಕುಳಿತಿರುತ್ತಿದ್ದಳು. ಬೋಟಿಗೆ ಹೋಗದ ದಿನ ಗಂಡ ದಾಸ ಹೊಸ್ತಿಲ ಹೊರಗೆ ಕುಳಿತಿರುತ್ತಿದ್ದ. ಬಾಗಿಲು ಇಬ್ಬರ ನಡುವೆ ತೆರೆದೇ ಇರುತ್ತಿತ್ತು. ಕೈ ಚಾಚಿದರೆ ಇಬ್ಬರಿಗೂ ಎಟುಕುತ್ತಿತ್ತು. ಆದರೆ ಬಾಗಿಲು ಹಾಕುವುದು ಹೆಂಗಸಿನ ಕೆಲಸವೆಂದು ದಾಸನೂ, ಅದು ಸೊಸೆಯ ಕೆಲಸವೆಂದು ಲಕ್ಕಿಯೂ ತಿಳಿದಿದ್ದರಿಂದ ಸೊಳ್ಳೆಗಳು ನಡುವಿನಿಂದ ನಿರಾತಂಕವಾಗಿ ಒಳಗೆ ಹೋಗುತ್ತಿದ್ದವು.

ಪರದೆ ಕಟ್ಟುವ ವಿಷಯದಲ್ಲಂತೂ ದಾಸ ಮೊದಲೇ ಕೈಚೆಲ್ಲಿದ್ದ. ಎಂಥ ಹರಿದ ಬಲೆಯನ್ನಾದರೂ ಕಣ್ಣುಮುಚ್ಚಿ ಹೆಣೆಯಬಲ್ಲ, ಅಲೆಯ ನಡುವೆ ಹಗ್ಗಕ್ಕೆ ಗಂಟು ಹಾಕಬಲ್ಲ ಆ ಕೈಗಳಿಗೆ ಸೊಳ್ಳೆ ಪರದೆಯ ದಾರವನ್ನು ಮೊಳೆಗೆ ಕಟ್ಟುವುದು ಮಾತ್ರ ಬರುತ್ತಿರಲಿಲ್ಲ. ಒಮ್ಮೆ ಪ್ರಯತ್ನಿಸಿದಾಗ ಪರದೆ ಅವನ ಮುಖದ ಮೇಲೇ ಬಿದ್ದಿತ್ತು. ಅದನ್ನೇ ಸಾಕ್ಷಿಯಾಗಿ ಇಟ್ಟುಕೊಂಡು ಅವನು ಆ ಕೆಲಸದಿಂದ ನಿವೃತ್ತನಾಗಿದ್ದ.

ಹಿತ್ತಿಲಲ್ಲಿ, ಹೊನ್ನೆ ಮರದ ನೆರಳಿನಲ್ಲಿ, ದಾಸನ ಅಪ್ಪನ ಕಾಲದ ಪಾತಿ ಇತ್ತು. ಇಬ್ಬರು ಕೂತು ಹೊಳೆಯಲ್ಲಿ ಬಲೆ ಬೀಸುವಷ್ಟು ಚಿಕ್ಕ ಮರದ ದೋಣಿ. ದಾಸ ದೊಡ್ಡ ಬೋಟಿಗೆ ಹೋಗತೊಡಗಿದ ಮೇಲೆ ಅದು ನೀರಿಗೆ ಇಳಿದಿರಲಿಲ್ಲ. ಆದರೂ ಅಪ್ಪನ ಪಾತಿಯ ಹಲಗೆ ಬಿರಿಯಬಾರದೆಂಬುದು ದಾಸನ ಹಟ. ಮರ ಒಣಗಿದರೆ ಸಂದು ಬಿಡುತ್ತದೆ. ಅದಕ್ಕೇ ಒಳಗೆ ಸದಾ ನೀರು ನಿಂತಿರಬೇಕು. ಹೊಳೆಯ ಉಪ್ಪುನೀರು ತುಂಬುವುದು ಹಿಂದಿನವರ ಪದ್ಧತಿ. ಹೊಳೆ ದೂರ, ಬಾವಿ ಹತ್ತಿರ ಎಂದು ದಾಸ ಪದ್ಧತಿಯನ್ನು ಸ್ವಲ್ಪ ಸಡಿಲಿಸಿದ್ದ. ಆ ಬಾವಿಯ ನೀರನ್ನು ಕೊಡಪಾನದಲ್ಲಿ ಹೊತ್ತು ತಂದು ಹೊಯ್ಯುವವಳು ಮಂಜಿ. ದೋಣಿಗೆ ಹೆಂಗಸರ ಕೈ ತಾಗಬಾರದು ಎಂಬ ಲಕ್ಕಿಯ ಕಟ್ಟಳೆ ಇದ್ದುದರಿಂದ, ಅವಳು ಒಂದು ಮಾರು ದೂರ ನಿಂತು, ಕೊಡಪಾನ ಎತ್ತಿ ಬೀಸಿ ಹೊಯ್ಯಬೇಕಿತ್ತು. ಅರ್ಧ ನೀರು ಪಾತಿಗೆ, ಅರ್ಧ ಅವಳ ಸೀರೆಗೆ. ಆ ಮನೆಯ ದೋಣಿಗೆ ಹೆಂಗಸಿನ ನೀರು ನಡೆಯುತ್ತಿತ್ತು, ಕೈ ನಡೆಯುತ್ತಿರಲಿಲ್ಲ.

ಈ ವರ್ಷ ಬೇಸಿಗೆ ಬಲಿಯುವ ಹೊತ್ತಿಗೆ ದಾಸನಿಗೆ ಚಳಿಜ್ವರ ಬಂತು. ರಕ್ತ ಪರೀಕ್ಷೆಯಲ್ಲಿ ಮಲೇರಿಯಾ ಎಂದಾಯಿತು. ಮಾತ್ರೆ ನುಂಗಿದ, ಎದ್ದ. ಸ್ವಲ್ಪ ದಿನದಲ್ಲಿ ಪಕ್ಕದ ಮನೆಯ ಸೋಮ ಮಲಗಿದ. ಅವನು ಏಳುವಷ್ಟರಲ್ಲಿ ದಾಸ ಮತ್ತೆ ಮಲಗಿದ. ಮೊದಲ ಸಲದ ಮಾತ್ರೆಯನ್ನು ಅವನು ಜ್ವರ ಬಿಟ್ಟ ದಿನವೇ ನಿಲ್ಲಿಸಿ, ಉಳಿದದ್ದನ್ನು ಅಂಗಿಯ ಜೇಬಿನಲ್ಲಿಟ್ಟಿದ್ದು ಬಟ್ಟೆ ಒಗೆಯುವಾಗ ಮಂಜಿಗೆ ಗೊತ್ತಾಯಿತು. ಆಮೇಲೆ ಮಾತ್ರೆ ಗಂಟಲಿಳಿಯುವವರೆಗೆ ಎದುರಿಗೆ ನಿಲ್ಲುವುದೂ ಅವಳ ಕೆಲಸಗಳ ಸಾಲಿಗೆ ಸೇರಿತು.

ತಪ್ಪು ಮಂಜಿಯದೇ ಎಂದು ಎರಡು ಕಂಬಳಿಯೊಳಗಿನಿಂದ ದಾಸ ತೀರ್ಪು ಕೊಟ್ಟ. ಲಕ್ಕಿ ಅದನ್ನು ವಿವರಿಸಿದಳು.

"ದೀಪ ಹಚ್ಚೂ ಹೊತ್ತಿಗೆ ಹೆಂಗಸು ಮನೆಯಲ್ಲಿ ಇಲ್ದಿದ್ರೆ ಸೊಳ್ಳೆ ಬರ್ದೆ ಮತ್ತೆಂತ ಬರ್ತದೆ? ಇನ್ನು ಧಕ್ಕೆ ಸಾಕು ಮಾಡು, ಮಂಜಿ."

ಧಕ್ಕೆಯಲ್ಲಿ ಮಂಜಿಯ ಜಾಗ ಸುಮ್ಮನೆ ಸಿಕ್ಕಿದ್ದಲ್ಲ. ಹರಾಜಿನ ಗಂಡಸರ ಮೊಣಕೈಗಳ ನಡುವೆ ನುಗ್ಗಿ, ವರ್ಷಗಟ್ಟಲೆ ದನಿಯೇರಿಸಿ ಗಳಿಸಿಕೊಂಡದ್ದು. ಒಂದು ತಿಂಗಳು ತಪ್ಪಿಸಿದರೆ ಆ ಜಾಗದಲ್ಲಿ ಬೇರೊಬ್ಬಳ ಬುಟ್ಟಿ ಇರುತ್ತದೆ. ಅಲ್ಲಿ ಅವಳನ್ನು ಎಲ್ಲರೂ ಮಂಜಿಬಾಯಿ ಎನ್ನುತ್ತಿದ್ದರು. ಮನೆಯಲ್ಲಿ 'ಏ' ಎಂದರೆ ಅವಳೇ ಎಂದು ಅರ್ಥ.

ಅಷ್ಟರಲ್ಲಿ ಆರೋಗ್ಯ ಇಲಾಖೆಯವರು ಗೋಡೆಗೆ ಮದ್ದು ಹೊಡೆಯಲು ಬಂದರು. ಮದ್ದು ಹೊಡೆಯುವುದು ಅವರ ಕೆಲಸ. ಅದಕ್ಕೆ ಮೊದಲು ಅಕ್ಕಿ ಡಬ್ಬಿ, ಹಾಸಿಗೆ, ದೇವರ ಪಟ, ಉಪ್ಪಿನ ಭರಣಿ, ಕೊನೆಗೆ ಲಕ್ಕಿಯನ್ನೂ ಅಂಗಳಕ್ಕೆ ಸಾಗಿಸುವುದು, ಆಮೇಲೆ ಎಲ್ಲವನ್ನೂ ಒರೆಸಿ ಒಳಗಿಡುವುದು ಮಂಜಿಯ ಕೆಲಸ. ಗೋಡೆ ತುಂಬ ಬಿಳಿ ಕಲೆ ಬಿತ್ತು. ಮರುದಿನ ಸಂಜೆ ಒಂದು ಸೊಳ್ಳೆ ಆ ಬಿಳಿ ಕಲೆಯ ಮೇಲೇ ಬಾಲ ಎತ್ತಿ ಕುಳಿತದ್ದನ್ನು ಮಂಜಿ ಕಂಡಳು. ಅದು ಅಲ್ಲೇ ವಿಶ್ರಾಂತಿ ತೆಗೆದುಕೊಂಡು, ಕತ್ತಲಾದ ಮೇಲೆ ದಾಸನ ಕಡೆ ಹೊರಟಿತು.

ಬಾಗಿಲು ಹಾಕದ್ದು ತನ್ನ ತಪ್ಪಾದರೆ ಸೊಳ್ಳೆ ಈ ಮದ್ದಿಗೆ ಬಗ್ಗದ್ದು ಯಾರ ತಪ್ಪು? ಮಂಜಿ ಹೋಗಿ ಮಲೇರಿಯಾ ಇನ್ಸ್‌ಪೆಕ್ಟರ್ ಸುದರ್ಶನರನ್ನೇ ಕೇಳಿದಳು. ಬೇರೆ ಮನೆಗಳಿಂದಲೂ ಇದೇ ದೂರು ಬಂದಿದೆ, ಸೊಳ್ಳೆಗಳನ್ನು ಹಿಡಿದು ಪರೀಕ್ಷೆ ಮಾಡಬೇಕಾಗಿದೆ ಎಂದರು ಅವರು. ಮಂಜಿ ಮನೆಗೆ ಬಂದು, ಪರೀಕ್ಷೆಯ ಫಲಿತಾಂಶ ಬರುವವರೆಗೆ ಧಕ್ಕೆ ಬಿಡುವುದಿಲ್ಲ ಎಂದುಬಿಟ್ಟಳು. ದಾಸನಿಗೆ ವಾದಿಸಲು ತ್ರಾಣವಿರಲಿಲ್ಲ.

ಸುದರ್ಶನ ಬೆಳಕು ಹರಿಯುವಾಗಲೇ ಬಂದರು. ಗಾಜಿನ ನಳಿಗೆಗೆ ರಬ್ಬರ್ ಕೊಳವೆ ಸಿಕ್ಕಿಸಿ, ಅದರ ತುದಿಯನ್ನು ಬಾಯಲ್ಲಿಟ್ಟು, ಗೋಡೆಯ ಸೊಳ್ಳೆಯನ್ನು ಸೊರ್ರೆಂದು ಒಳಗೆಳೆಯತೊಡಗಿದರು. ಕೊಳವೆಯ ನಡುವೆ ಜಾಳಿಗೆ ಇರುವುದು ಲಕ್ಕಿಗೆ ಕಾಣಲಿಲ್ಲ. ಅವಳು ಮಂಜಿಯನ್ನು ಕರೆದು, ಆ ಮನುಷ್ಯನಿಗೆ ಬೇಗ ಎರಡು ದೋಸೆ ಹುಯ್ದು ಕೊಡು, ಹಸಿವೆಗೆ ಎಂತೆಂಥದ್ದೋ ತಿನ್ನುತ್ತಾನೆ ಎಂದಳು. ಮಂಚದ ಅಡಿ, ಪಟದ ಹಿಂದೆ, ದಾಸನ ಕಪ್ಪು ಅಂಗಿ, ಹೀಗೆ ಸೊಳ್ಳೆ ಕೂರುವ ಕಡೆಗಳನ್ನೆಲ್ಲ ಮಂಜಿ ತೋರಿಸಿದಳು. ದಾಸನ ಅಂಗಿಯೊಂದರಿಂದಲೇ ಒಂದು ನಳಿಗೆ ತುಂಬಿತು.

ಪರೀಕ್ಷೆಯ ಕ್ರಮವನ್ನು ಸುದರ್ಶನ ದೋಸೆ ತಿನ್ನುತ್ತ ವಿವರಿಸಿದರು. ಮದ್ದು ಹಚ್ಚಿದ ಕಾಗದವಿರುವ ನಳಿಗೆಯಲ್ಲಿ ಸೊಳ್ಳೆಗಳನ್ನು ಒಂದು ತಾಸು ಕೂಡಿಹಾಕುವುದು, ಆಮೇಲೆ ಹೊರತೆಗೆದು, ಸಕ್ಕರೆ ನೀರು ಕೊಟ್ಟು, ಮರುದಿನ ಎಷ್ಟು ಬದುಕಿವೆ ನೋಡುವುದು. ಸಕ್ಕರೆ ನೀರು ಎಂದದ್ದೇ ಲಕ್ಕಿಗೆ ಸಿಟ್ಟು ಬಂತು. ಸಕ್ಕರೆ ಕಾಯಿಲೆಯೆಂದು ಸೊಸೆ ಅವಳಿಗೆ ಸಪ್ಪೆ ಚಹಾ ಕೊಡತೊಡಗಿ ವರ್ಷಗಳಾಗಿದ್ದವು. ಮಗನ ರಕ್ತ ಕುಡಿದ ಸೊಳ್ಳೆಗೆ ಸರ್ಕಾರದ ಸಕ್ಕರೆ, ಹೆತ್ತವಳಿಗೆ ಕಹಿನೀರು ಎಂದು ಅವಳು ಸಂಜೆಯವರೆಗೆ ಗೊಣಗಿದಳು.

ಸುದರ್ಶನ ನಳಿಗೆಗಳನ್ನು ಕುಮಟೆಗೆ ಒಯ್ದ ಮೇಲೆ ಎರಡು ದಿನ ಮನೆಯಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶಕ್ಕೆ ಕಾಯುವವರ ಕಳವಳ. ಸೊಳ್ಳೆ ಸತ್ತರೆ ಮದ್ದು ಸರಿಯಿದೆ, ಮಂಜಿ ಸರಿಯಿಲ್ಲ. ಸೊಳ್ಳೆ ಬದುಕಿದರೆ ಮಂಜಿಗೆ ಧಕ್ಕೆ ಉಳಿಯುತ್ತದೆ. ಜೀವಮಾನವಿಡೀ ಸೊಳ್ಳೆ ಹೊಡೆದ ಹೆಂಗಸು, ಕುಮಟೆಯ ಯಾವುದೋ ಕೋಣೆಯಲ್ಲಿರುವ ತನ್ನ ಮನೆಯ ಸೊಳ್ಳೆಗಳಿಗೆ ಆಯುಷ್ಯ ಕೊಡು ಎಂದು ದೇವರಿಗೆ ಕೈಮುಗಿದಳು.

ಸುದರ್ಶನ ಮತ್ತೆ ಬಂದಾಗ ಲಕ್ಕಿಯೇ ಮೊದಲು ಕೇಳಿದಳು, ಪಾಸಾದವೋ ಇಲ್ಲವೋ ಎಂದು. ಸತ್ತದ್ದಕ್ಕಿಂತ ಬದುಕಿದ್ದೇ ಹೆಚ್ಚು ಎಂದರು ಅವರು. ಪ್ರತಿ ವರ್ಷ ಒಂದೇ ಜಾತಿಯ ಮದ್ದು. ಗೋಡೆಗೂ ಅದೇ, ಬತ್ತಿಯಲ್ಲೂ ಅದರ ಅಣ್ಣತಮ್ಮಂದಿರೇ. ಮೆತ್ತಗಿನ ಸೊಳ್ಳೆಗಳು ಸತ್ತವು, ಎಲ್ಲೋ ಒಂದೊಂದು ಗಟ್ಟಿಯವು ಉಳಿದವು. ಅವುಗಳ ಮರಿ, ಮರಿಮಕ್ಕಳೇ ಈಗ ಊರು ತುಂಬಿವೆ. ಇನ್ನು ಮದ್ದನ್ನೇ ಬದಲಿಸಲು ಮೇಲಿನವರಿಗೆ ಬರೆಯಬೇಕು.

ಮಂಜಿ ತಲೆಯಾಡಿಸಿದಳು. "ಅಂದ್ರೆ ಈ ಮನೆ ಸೊಸೆಯಂದ್ರ ಹಾಂಗೆ."

ದಾಸನ ಅಣ್ಣಂದಿರ ಹೆಂಡಂದಿರು ಲಕ್ಕಿಯ ಕೈಕೆಳಗೆ ಒಂದೊಂದು ಮಳೆಗಾಲವನ್ನೂ ಪೂರ್ತಿ ಕಳೆಯದೆ ಬೇರೆ ಮನೆ ಮಾಡಿದ್ದರು. ಉಳಿದವಳು ಮಂಜಿ ಒಬ್ಬಳೇ. ಲಕ್ಕಿಗೆ ಆ ಕ್ಷಣ ಕಿವಿ ಕೇಳಿಸಲಿಲ್ಲ. ಸುದರ್ಶನ ಈ ಸಲವೂ ಮುಂದಿಟ್ಟಿದ್ದ ದೋಸೆಯ ತಟ್ಟೆಯನ್ನು ಬಹಳ ಎಚ್ಚರದಿಂದ ನೋಡಿದರು.

"ಮಂಜಕ್ಕಾ, ನೀವು ಬಾಗ್ಲ ಹಾಕಿದ್ರೂ ಇವು ಹುಟ್ಟೂದು ನಿಲ್ಲೂದಿಲ್ಲ," ಎಂದರು. "ಹತ್ರದಲ್ಲೇ ಎಲ್ಲೋ ತಿಳಿನೀರು ನಿಂತದೆ. ಹಿತ್ಲ ಒಂದು ಸಲ ನೋಡ್ವಾ?"

ಬಾವಿಕಟ್ಟೆಯಲ್ಲಿ ಏನೂ ಸಿಗಲಿಲ್ಲ. ಬಟ್ಟೆ ಒಗೆಯುವ ಕಲ್ಲಿನ ಬಳಿಯೂ ಇಲ್ಲ. ಹೊನ್ನೆ ಮರದಡಿಗೆ ಬಂದಾಗ ಸುದರ್ಶನ ಬಿಳಿ ಸಟ್ಟುಗವನ್ನು ಪಾತಿಯೊಳಗೆ ಅದ್ದಿ ಎತ್ತಿದರು. ಸಟ್ಟುಗದ ನೀರಿನ ಮೇಲೆ ಹೆಸರುಕಾಳಿನ ಸಿಪ್ಪೆಯಂಥ ಸಣ್ಣ ಸೊಳ್ಳೆಮರಿಗಳು ಅಡ್ಡಡ್ಡ ಮಲಗಿದ್ದವು. ಅವರು ಇನ್ನೊಮ್ಮೆ ಅದ್ದಿದರು. ಮತ್ತಷ್ಟು ಮರಿಗಳು. ದಾಸ ಕಂಬಳಿ ಹೊದ್ದೇ ಬಂದು ಬಗ್ಗಿ ನೋಡಿದ. ಅವನ ಅಪ್ಪನ ಪಾತಿ ತದಡಿಯ ಅರ್ಧಕ್ಕೆ ಚಳಿಜ್ವರ ಹಂಚುತ್ತಿತ್ತು.

ಲಕ್ಕಿ ಕೂಡಲೇ ಸುತ್ತ ನೋಡಿದಳು.

"ಈ ನೀರು ಹೊಯ್ದದ್ದು ಯಾರು?"

ಎಲ್ಲರೂ ಮಂಜಿಯತ್ತ ತಿರುಗಿದರು. ಅವಳ ಕೈಯಲ್ಲಿ ಕೊಡಪಾನವೂ ಇತ್ತು. ಬೆಳಗಿನ ನೀರು ಹೊಯ್ಯಲೆಂದೇ ತುಂಬಿದ್ದು. ಬಾಗಿಲಿನ ತಪ್ಪು ಹೋಗಿ ಇನ್ನೂ ನಿಮಿಷವಾಗಿರಲಿಲ್ಲ, ನೀರಿನ ತಪ್ಪು ಬಂದು ಹೆಗಲೇರಿತ್ತು. ಮಂಜಿ ಕೊಡಪಾನವನ್ನು ನಿಧಾನವಾಗಿ ಕೆಳಗಿಟ್ಟಳು.

"ಹೊಯ್ದದ್ದು ನಾನೇ, ಅತ್ತೆ. ಈಗ ಇದನ್ನ ಬರಿದು ಮಾಡಿ ಒರೆಸ್ಬೇಕು. ದೋಣಿಗೆ ಹೆಂಗಸ್ರ ಕೈ ತಾಗೂಕಾಗ್ದು ಅಂತ ನೀವೇ ಹೇಳಿದ್ದು ಅಲ್ದಾ? ನಾ ಮೀರೂದಿಲ್ಲ."

ವಾರಕ್ಕೊಮ್ಮೆ ಪೂರ್ತಿ ಬರಿದು ಮಾಡಿ, ಬಿಸಿಲಿಗೆ ಒಣಗಿಸಿ, ಆಮೇಲೆ ಬೇಕಾದರೆ ಹೊಸ ನೀರು ತುಂಬಬಹುದು ಎಂದು ಸುದರ್ಶನ ಸೂಚನೆ ಕೊಟ್ಟರು. ಲಕ್ಕಿ ಕಟ್ಟಳೆ ಸಡಿಲಿಸಲು ಬಾಯಿ ತೆರೆದು, ಸುದರ್ಶನರ ಎದುರಿಗೆ ಹೇಗೆ ಎಂದು ಮುಚ್ಚಿಕೊಂಡಳು. ದಾಸನ ಕೈಗೆ ನೀರು ತೋಡುವ ಮೊಗೆ ಬಂತು.

ಜ್ವರ ಬಿಟ್ಟ ಮೇಲೆ ದಾಸ ನೀರು ತೋಡಿ ಹೊರಗೆ ಚೆಲ್ಲಿದ, ಒರೆಸಿದ, ಬಾವಿಯಿಂದ ಸೇದಿ ಸೇದಿ ಮತ್ತೆ ತುಂಬಿದ. ಆ ಸಂಜೆ ಸೊಂಟ ಹಿಡಿದುಕೊಂಡು, ಇಷ್ಟು ನೀರು ನೀನು ದಿನಾ ಹೊರ್ತಿದ್ಯಾ ಎಂದು ಕೇಳಿದ. ಹೌದೆಂದಳು ಮಂಜಿ. ಮುಂದಿನ ವಾರ ದಾಸ ಸೋಮನನ್ನೂ ಇನ್ನಿಬ್ಬರನ್ನೂ ಕರೆದು ತಂದು ಅದನ್ನು ಮಗುಚಿ ಹಾಕಿಸಿದ. ಅಪ್ಪ ಇದ್ದಿದ್ದರೂ ಹೀಗೇ ಮಾಡುತ್ತಿದ್ದ ಎಂದು ಅವರೆಲ್ಲರಿಗೂ ಹೇಳಿದ. ಲಕ್ಕಿ ಸೆರಗಿನಿಂದ ಕಣ್ಣೊರೆಸಿಕೊಂಡು, ಮರುದಿನ ಅದರ ಬೆನ್ನ ಮೇಲೆ ಹಪ್ಪಳ ಒಣಗಿಸಿದಳು. ಮುದುಕಿಯ ಕೈ ಹೆಂಗಸಿನ ಕೈಯಲ್ಲವೆಂದು ಅವಳೇ ತೀರ್ಮಾನಿಸಿದ್ದಳು.

ಸೊಳ್ಳೆಗಳು ಕಡಿಮೆಯಾದವು, ಮುಗಿಯಲಿಲ್ಲ. ಊರಿನಲ್ಲಿ ಬೇರೆ ಮನೆಗಳೂ, ಬೇರೆ ನೀರೂ ಇದ್ದವು. ಪರದೆ ಬೇಕೇ ಬೇಕಾಗಿತ್ತು. ಧಕ್ಕೆ ಬಿಡು ಎಂಬ ಮಾತನ್ನು ಮಾತ್ರ ಯಾರೂ ಮತ್ತೆ ಎತ್ತಲಿಲ್ಲ.

ಒಂದು ಸಂಜೆ ಹರಾಜಿನ ಗದ್ದಲದ ನಡುವೆ ಮಂಜಿಯ ಫೋನು ಬಡಿದುಕೊಂಡಿತು. ದಾಸ. ಪರದೆಯ ನಾಲ್ಕನೆಯ ಮೊಳೆ ಎಲ್ಲಿದೆ ಎಂಬುದು ಅವನ ಪ್ರಶ್ನೆ. ಗೋಡೆಯಲ್ಲಿದೆ ಎಂದು ಹೇಳಿ ಅವಳು ತಾರ್ಲೆಯ ಬುಟ್ಟಿಗೆ ಕೈ ಎತ್ತಿದಳು.

ಬುಟ್ಟಿ ಹೊತ್ತು ಮನೆಗೆ ಬಂದರೆ ಎಂದೂ ಮುಚ್ಚದ ಬಾಗಿಲು ಭದ್ರವಾಗಿತ್ತು. ಕಿಟಕಿಗಳೂ ಹಾಕಿದ್ದವು. ಮಂಜಿ ತಟ್ಟಿದಳು. ಒಳಗಿನಿಂದ ಲಕ್ಕಿಯ ದನಿ ಬಂತು.

"ಯಾರದು? ಈಗ ಬಾಗ್ಲ ತೆಗ್ಯೂಕಾಗ್ದು. ಸೊಳ್ಳೆ ಬರ್ತದೆ."

"ನಾನೇ, ಅತ್ತೆ."

"ಆತು, ತಡಿ. ಅಂವ ಪರದೆಯೊಳಗೆ ಸಿಕ್ಕಾಕಂಡಿದ್ದಾ. ಬಿಡಿಸ್ಕಂಡು ಬರ್ತಾ."

ಒಳಗೆ ಏನೋ ಬಿದ್ದ ಸದ್ದಾಯಿತು. ಮಂಜಿ ಬುಟ್ಟಿ ಇಳಿಸಿ ಹಿತ್ತಿಲಿಗೆ ಹೋದಳು. ಬೆಳಗಿನಿಂದ ಇಲ್ಲಿಯವರೆಗೆ ಅವಳು ಎಲ್ಲೂ ಕುಳಿತಿರಲಿಲ್ಲ. ಮಗುಚಿದ ಪಾತಿಯ ಮೇಲೆ ಒಂದು ಹಪ್ಪಳ ಉಳಿದಿತ್ತು. ಅದನ್ನು ಪಕ್ಕಕ್ಕೆ ಸರಿಸಿ, ಸೀರೆ ಎತ್ತಿ ಕಟ್ಟಿ, ಪಾತಿಯ ಬೆನ್ನ ಮೇಲೆ ಕಾಲು ಇಳಿಬಿಟ್ಟು ಕುಳಿತಳು. ಹಲಗೆ ಬಿಸಿಲಿನ ಬಿಸಿಯನ್ನು ಇನ್ನೂ ಹಿಡಿದುಕೊಂಡಿತ್ತು. ಕಾಲಿಗೆ ಒಂದು ಸೊಳ್ಳೆ ಕಚ್ಚಿತು. ಅದನ್ನು ಹೊಡೆದು, ದಾಸ ನಿಧಾನವಾಗಿಯೇ ಬಂದು ಬಾಗಿಲು ತೆಗೆಯಲಿ ಎಂದುಕೊಂಡು, ಕಾಲನ್ನು ಸೀರೆಯೊಳಗೆ ಎಳೆದುಕೊಂಡಳು.