ಆವಿ ಬರುವ ತನಕ ಕ್ಲಾರಿನೆಟ್

ಬೆಳಗಿನ ಜಾವ ಐದು ಗಂಟೆ. ಆಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ ಬಾಯ್ಲರ್ ಈಗಷ್ಟೇ ಗುರುಗುಡಲು ಶುರುಮಾಡಿದೆ. ಇಸ್ತ್ರಿ ಯಂತ್ರಕ್ಕೆ ಆವಿ ಬರಲು ಇನ್ನೂ ಇಪ್ಪತ್ತೆರಡು ನಿಮಿಷ ಬೇಕು. ಆ ಇಪ್ಪತ್ತೆರಡು ನಿಮಿಷವೂ ಇಸ್ತ್ರಿ ಅಕ್ಕನದು! ಮಡಚಿಟ್ಟ ಹೊದಿಕೆಗಳ ರಾಶಿಯ ಮೇಲೆ ಹಳೆಯ ಲ್ಯಾಪ್‌ಟಾಪ್ ಕೂರಿಸುತ್ತಾರೆ, ಕ್ಲಾರಿನೆಟ್ಟಿನ ತುಂಡುಗಳನ್ನು ಒಂದೊಂದಾಗಿ ಜೋಡಿಸುತ್ತಾರೆ, ತುಟಿ ಒದ್ದೆ ಮಾಡಿಕೊಳ್ಳುತ್ತಾರೆ.

ಪರದೆಯ ಮೇಲೆ ಐದು ಗೆರೆ, ಗೆರೆಗಳ ತುಂಬ ಸ್ವರಗಳ ಕಪ್ಪು ಚುಕ್ಕೆ. ಹಸಿರು ಪಟ್ಟಿಯೊಂದು ಎಡದಿಂದ ಬಲಕ್ಕೆ ಜಾರುತ್ತದೆ. ಅದು ಮುಟ್ಟಿದ ಸ್ವರವನ್ನು ಲ್ಯಾಪ್‌ಟಾಪ್ ನುಡಿಸುತ್ತದೆ, ಜೊತೆಗೇ ಅಕ್ಕ ಊದುತ್ತಾರೆ. ಕಷ್ಟದ ಎರಡು ಸಾಲು ಬಂದಾಗ ವೇಗವನ್ನು ಅರ್ಧಕ್ಕಿಳಿಸಿ, ಅದನ್ನೇ ಮತ್ತೆ ಮತ್ತೆ ಸುತ್ತಿಸುತ್ತಾರೆ.

"ನಾನೂರು ಸಲ ಕೇಳಿದ್ರೂ ಗದರಲ್ಲ ಇದು," ಎಂದು ಲ್ಯಾಪ್‌ಟಾಪ್ ಬೆನ್ನು ತಟ್ಟುತ್ತಾರೆ. "ನಮ್ಮನೇಲಿ ಮಗಳು ಈ ಹಾಡಿನ ಸಾಫ್ಟ್‌ವೇರ್ ಹಾಕ್ಕೊಟ್ಟು ಹೇಳ್ಕೊಡುವಾಗ ಎರಡನೇ ಸಲ ಕೇಳಿದ್ದಕ್ಕೇ ಕಣ್ಣು ಬಿಟ್ಲು."

"ನನ್ನ ಕಿವಿ ಕಥೆ ಯಾರು ಕೇಳ್ತಾರೆ?" ಎನ್ನುತ್ತಾರೆ ಬಾಯ್ಲರ್ ಮಾಮ, ಒತ್ತಡ ತೋರಿಸುವ ಮೀಟರಿನ ಮುಳ್ಳಿನಿಂದ ಕಣ್ಣು ತೆಗೆಯದೆ. "ಏಳು ತಿಂಗಳಿಂದ ಅದೇ ಹಾಡು! ನನ್ನ ಬಾಯ್ಲರ್‌ಗೂ ಬಾಯಿಪಾಠ ಆಗಿದೆ."

ಇವತ್ತು ಸಂಜೆ ನಾಲ್ಕಕ್ಕೆ ಆ ಹಾಡಿನದೇ ಪರೀಕ್ಷೆ. ಆಸ್ಪತ್ರೆ ನೌಕರರ ಬ್ಯಾಂಡಿನಲ್ಲಿ ಎರಡನೇ ಕ್ಲಾರಿನೆಟ್ಟಿನ ಕುರ್ಚಿ ಖಾಲಿ ಇದೆ. ಅಕ್ಕ ಗೆದ್ದರೆ ಕುರ್ಚಿ ಅವರದು. ಸೋತರೆ ಹೊರಗಿನವರೊಬ್ಬರು ಬರುತ್ತಾರೆ, ಬ್ಯಾಂಡಿನ ಆಸ್ತಿಯಾದ ಈ ಕ್ಲಾರಿನೆಟ್ಟೂ ಅವರ ಕೈ ಸೇರುತ್ತದೆ.

ಒಂಬತ್ತು ವರ್ಷದಿಂದ ಬ್ಯಾಂಡಿನ ಹನ್ನೊಂದು ಕೋಟುಗಳಿಗೆ ಇಸ್ತ್ರಿ ಹಾಕುತ್ತಿರುವುದು ಇವರೇ. ಯಾರ ಕಾಲರ್ ಎಲ್ಲಿ ಸವೆದಿದೆ ಎಂಬುದೆಲ್ಲ ಗೊತ್ತು. ಎಕ್ಸ್‌ರೇ ವಿಭಾಗದ ಕ್ಲಾರಿನೆಟ್ ವಾದಕ ಕೆಲಸ ಬಿಟ್ಟು ಹೋದಾಗ ಅವರ ಕೋಟು ಮಾತ್ರ ಲಾಂಡ್ರಿಗೆ ಬಂತು. "ಇದನ್ನ ಯಾರು ಹಾಕ್ಕೋತಾರೆ?" ಎಂದು ಕೇಳಿದ್ದಕ್ಕೆ ಬ್ಯಾಂಡ್ ಮೇಷ್ಟ್ರು, ಅಂದರೆ ಔಷಧ ವಿಭಾಗದ ಕಾಂಪೌಂಡರ್, "ಊದೋಕೆ ಬರೋರು" ಎಂದರಂತೆ. ಅಕ್ಕ ಕ್ಲಾರಿನೆಟ್ಟನ್ನೇ ಕೇಳಿ ಪಡೆದರು. ಆಗ ವಯಸ್ಸು ನಲವತ್ತಾರು!

ಕಾಗದದ ಮೇಲಿನ ನೋಟೇಶನ್ ಓದಲು ಬರುತ್ತಿರಲಿಲ್ಲ. ಹಾಗಾಗಿ ಒಂದೊಂದೇ ಚುಕ್ಕೆಯನ್ನು ನೋಡಿ ಸಾಫ್ಟ್‌ವೇರಿಗೆ ಇಳಿಸಿದರು. ದಿನಕ್ಕೆ ಎರಡು ಸಾಲು, ಊದುವುದೂ ಎರಡೆರಡೇ ಸಾಲು. ನಾಲ್ಕೇ ತಿಂಗಳಲ್ಲಿ ಹಾಡು ಬೆರಳಿಗೆ ಬಂತು. ಸ್ವರ ಒಂದೂ ತಪ್ಪಿಲ್ಲ, ತಾಳ ಕೂದಲೆಳೆಯಷ್ಟೂ ಅತ್ತಿತ್ತ ಇಲ್ಲ. ಮೂರು ತಿಂಗಳ ಹಿಂದೆ ಮೊದಲ ಪರೀಕ್ಷೆಗೆ ಎದೆ ಉಬ್ಬಿಸಿಕೊಂಡು ಹೋದರು. ಒಂಬತ್ತನೇ ಸಾಲಿಗೆ ಕಣ್ಣು ಕತ್ತಲೆ ಬಂದು, ಡ್ರಮ್ಮಿನ ಪೆಟ್ಟಿಗೆ ಮೇಲೆ ಧೊಪ್ಪನೆ ಕೂತರು.

"ಅಕ್ಕಾ, ಉಸಿರು ಎಲ್ಲಿ ತಗೋತೀರಿ?" ಮೇಷ್ಟ್ರು ಗಾಬರಿಯಾಗಿದ್ದರು.

"ಕಂಪ್ಯೂಟರ್ ಎಲ್ಲೂ ತಗೊಳ್ಳಲ್ವಲ್ಲ ಸರ್. ತಗೊಂಡ್ರೆ ತಪ್ಪು ಅನ್ಕೊಂಡೆ."

ಇಡೀ ಬ್ಯಾಂಡು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮೇಷ್ಟ್ರು ಮಾತ್ರ ನಗದೆ ಮೂರು ತಿಂಗಳ ಗಡುವು ಕೊಟ್ಟರು.

ಹಾಗಾದರೆ ಉಸಿರನ್ನು ಕಲಿತದ್ದು ಎಲ್ಲಿ? ಇಸ್ತ್ರಿ ಮೇಜಿನ ಮೇಲೆ! ದಿನಕ್ಕೆ ಮುನ್ನೂರ ನಲವತ್ತು ಹೊದಿಕೆ ಇವರ ಕೈ ದಾಟುತ್ತವೆ. ಇಸ್ತ್ರಿ ಉಜ್ಜುತ್ತಾ ಹಾಡು ಗುನುಗುತ್ತಾರೆ. ಉಸಿರು ಮುಗಿದಲ್ಲಿ ಮೇಜಿನಂಚಿಗೆ ಸೀಮೆಸುಣ್ಣದ ಗೀಟು ಎಳೆದು, ಆ ಸಾಲಿನ ನಂಬರ್ ಬರೆಯುತ್ತಾರೆ. ಮರುದಿನ ಬೆಳಗ್ಗೆ ಸಾಫ್ಟ್‌ವೇರಿನಲ್ಲಿ ಅದೇ ಜಾಗದ ಸ್ವರವನ್ನು ಚೂರು ಗಿಡ್ಡ ಮಾಡಿ, ಪಕ್ಕದಲ್ಲಿ ಖಾಲಿ ಬಿಡುತ್ತಾರೆ. ಈಗ ಲ್ಯಾಪ್‌ಟಾಪೂ ಅಲ್ಲಲ್ಲಿ ನಿಂತು ಮುಂದೆ ಹೋಗುತ್ತದೆ.

ಸಂಜೆ ನಾಲ್ಕು. ಔಷಧದ ಖಾಲಿ ಡಬ್ಬಗಳ ಉಗ್ರಾಣವೇ ಬ್ಯಾಂಡಿನ ಅಭ್ಯಾಸದ ಕೋಣೆ. ಅಕ್ಕ ಸಾಫ್ಟ್‌ವೇರಿನಿಂದ ಮುದ್ರಿಸಿ ತಂದ ಹಾಳೆಯನ್ನು ಮುಂದಿಡುತ್ತಾರೆ. ಪೂರ್ತಿ ಬ್ಯಾಂಡು ಒಟ್ಟಿಗೆ ಶುರುಮಾಡುತ್ತದೆ. ಒಂಬತ್ತನೇ ಸಾಲು ದಾಟುತ್ತದೆ. ಹದಿನಾರನೆಯದೂ ದಾಟುತ್ತದೆ. ಇಪ್ಪತ್ತನೇ ಸಾಲಿನಲ್ಲಿ ಮೇಷ್ಟ್ರು ಫಟ್ಟನೆ ಕೈ ಎತ್ತುತ್ತಾರೆ. ಅಕ್ಕ ಕ್ಲಾರಿನೆಟ್ಟನ್ನು ಬಾಯಿಂದ ತೆಗೆಯುತ್ತಾರೆ.

ಮೇಷ್ಟ್ರು ನೋಡುತ್ತಿರುವುದು ಟ್ರಂಪೆಟ್ಟಿನವರನ್ನು! "ಏನ್ರೀ, ಪ್ರತಿಸಲ ಇಲ್ಲೇ ದಮ್ಮು ಕಟ್ಟುತ್ತೆ ನಿಮಗೆ. ಪಕ್ಕದಲ್ಲಿ ಅಕ್ಕ ಎಷ್ಟು ಆರಾಮಾಗಿ ದಾಟಿದ್ರು ನೋಡಿ." ಅಕ್ಕನ ಹಾಳೆ ಎತ್ತಿಕೊಂಡು ಕಣ್ಣಿಗೆ ಹತ್ತಿರ ಹಿಡಿಯುತ್ತಾರೆ. "ಈ ಬಿಡುವು ಹಾಕಿದ್ದು ಯಾರು?"

"ನಾನೇ ಸರ್. ತೆಗೀಲಾ?"

"ತೆಗೀಬೇಡಿ ಮಾರಾಯ್ರೇ! ಇವರ ಹಾಳೆಗೂ ಹಾಕ್ಕೊಡಿ. ಬುಧವಾರ ಸಂಜೆ ಐದೂವರೆಗೆ ಅಭ್ಯಾಸ, ತಡ ಮಾಡ್ಬೇಡಿ."

ಅಷ್ಟೇ. ಅಭಿನಂದನೆ, ಚಪ್ಪಾಳೆ ಏನೂ ಇಲ್ಲ. ಕುರ್ಚಿ ಸಿಕ್ಕಿತು ಎಂದು ಅರ್ಥವಾಗಲು ಅಕ್ಕ ಮೆಟ್ಟಿಲವರೆಗೆ ನಡೆಯಬೇಕಾಯಿತು. ಅಲ್ಲಿ ನಿಂತು ಮಗಳಿಗೆ ಫೋನ್ ಹಚ್ಚಿ, "ಬುಧವಾರ ಅಡುಗೆ ನಿಂದೇ ಕಣೆ" ಎಂದಷ್ಟೇ ಹೇಳಿ ಇಡುತ್ತಾರೆ.

ಮುಂದೇನು ಆಸೆ ಎಂದು ಕೇಳಿದರೆ, ಮೇಷ್ಟ್ರು ಕೊಟ್ಟ ಹೊಸ ಹಾಡಿನ ಹಾಳೆ ತೋರಿಸುತ್ತಾರೆ. "ಇದರಲ್ಲೊಂದು ಉದ್ದನೆ ಸಾಲಿದೆ. ಈಗ ಕಾಗದ ನೋಡೇ ಓದೋಕೆ ಬರುತ್ತಲ್ಲ, ಗುನುಗಿ ನೋಡ್ದೆ, ಮೂರು ಉಸಿರು ಬೇಕಾಗುತ್ತೆ. ಎರಡರಲ್ಲಿ ಮುಗಿಸ್ಬೇಕು ನೋಡಿ. ಮೂರು ಯಾರು ಬೇಕಾದ್ರೂ ತಗೋತಾರೆ!"