ಮಗಳ ಅಳತೆಯಲ್ಲಿ ಕಟ್ಟಿದ ರೈಲು

ಮಗಳು ಬಸುರಿ, ಐದು ತಿಂಗಳು ತುಂಬಿತು ಎಂದು ಗೊತ್ತಾದ ವಾರವೇ ನನ್ನ ಹೆಂಡತಿ ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತು ಒಳಗೆಲ್ಲ ಒಮ್ಮೆ ಕಣ್ಣಾಡಿಸಿದಳು. "ಇದ್ನ ಯಾವಾಗ ತೆಗೀತ್ರಿ?" ಎಂದಳು. ಇದು ಅಂದರೆ ನನ್ನ ರೈಲು.

ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು, ಅದರಲ್ಲಿ ಎರಡು ಮಾತಿಲ್ಲ. ಮಂಕಿಯ ನಮ್ಮ ಮನೆಯಲ್ಲಿ ಇರುವುದು ಮೂರು ಕೋಣೆ. ಗಾಳಿ ನುಗ್ಗದ ಕೋಣೆ ಅದೊಂದೇ; ಅದರ ಒಂದೇ ಕಿಟಕಿ ಪಕ್ಕದ ಮನೆಯ ಗೋಡೆ ನೋಡುತ್ತದೆ. ಬಾಣಂತಿಗೆ ಗಾಳಿ ತಾಗಬಾರದು ಎಂದು ಹೆಂಡತಿಯ ವಾದ. ತಗಡು, ರಟ್ಟಿನ ನನ್ನ ಬೋಗಿಗಳಿಗೂ ಗಾಳಿ ತಾಗಬಾರದು, ಸ್ವಲ್ಪ ಬೀಸಿದರೂ ಹಳಿ ಬಿಟ್ಟು ಮಗುಚುತ್ತವೆ. ಹದಿಮೂರು ವರ್ಷದ ಹಿಂದೆ ನಾನು ಆ ಕೋಣೆ ಹಿಡಿದದ್ದು ಅದೇ ಕಾರಣಕ್ಕೆ. ಇಬ್ಬರದೂ ಸರಿಯೇ. ಆದರೆ ಬಾಣಂತಿಯ ಮುಂದೆ ರೈಲು ಗೆಲ್ಲುವುದಿಲ್ಲ ಎಂಬಷ್ಟು ಬುದ್ಧಿ ನನಗೂ ಇದೆ.

"ಆತು, ತೆಗೀತೆ" ಎಂದೆ.

ನಾನು ಸರ್ಕಾರಿ ಬಸ್ಸಿನ ಕಂಡಕ್ಟರ್. ಭಟ್ಕಳ-ಕುಮಟೆ ಓಡಾಟವೇ ನನ್ನ ಜೀವನ. ಬಸ್ಸಿನವನಿಗೆ ರೈಲಿನ ಹುಚ್ಚು ಹಿಡಿದದ್ದು ಡಿಪೋದಲ್ಲಿ ಎಲ್ಲರಿಗೂ ತಮಾಷೆ. "ನಮ್ಮ ಅನ್ನಕ್ಕೆ ಕಲ್ಲು ಹಾಕೂ ರೈಲ್ನ ಮನೇಲೇ ಕಟ್ತಾನೆ ಮಾರಾಯ" ಎಂದು ನನ್ನ ಡ್ರೈವರ್ ಹೊಸಬರಿಗೆಲ್ಲ ನನ್ನ ಪರಿಚಯ ಮಾಡಿಕೊಡುತ್ತಾನೆ. "ಇದ್ರಿಂದ ಎಂತ ಪ್ರಯೋಜನ?" ಎಂದು ಕೇಳುವವರೂ ಇದ್ದಾರೆ. ಅಂಥವರ ಮೇಲೆ ನನಗೆ ಸಿಟ್ಟು ಬರುತ್ತದೆ. ಇಡೀ ದಿನ ಟಿವಿ ಮುಂದೆ ಕೂತು ಕ್ರಿಕೆಟ್ ನೋಡಿದ್ದರಿಂದ ನಿಮಗೆ ಎಂತ ಆಯಿತು ಎಂದು ನಾನು ಕೇಳಿದ್ದೇನೆಯೇ?

ನನ್ನ ರೈಲು ಹೊರಡುವುದು ಮಂಕಿ ಸ್ಟೇಷನ್ನಿನಿಂದ. ಕೆಂಪು ಚಿರೆಕಲ್ಲಿನ ಗುಡ್ಡ ಕಡಿದು ಮಾಡಿದ ಓಣಿ ದಾಟಿ, ಶರಾವತಿಯ ಸೇತುವೆ ಹತ್ತಿ, ಆಚೆ ದಡದ ಹೊನ್ನಾವರ ಸ್ಟೇಷನ್ನಿನಲ್ಲಿ ನಿಲ್ಲುತ್ತದೆ. ಒಂದು ಗೋಡೆಯ ಉದ್ದಕ್ಕೂ ಪ್ಲೈವುಡ್ಡು, ಅದರ ಮೇಲೆ ಇಷ್ಟೂ ಊರು. ಹಾಳಾದ ಆಟಿಕೆ ಕಾರಿನಿಂದ ಕಿತ್ತ ಮೋಟಾರು ಬಿಟ್ಟರೆ ಉಳಿದದ್ದೆಲ್ಲ ಕೈಯಿಂದ ಮಾಡಿದ್ದು. ಹಳಿಗಳು ಕೊಡೆಯ ಕಡ್ಡಿ. ಭಟ್ಕಳ ಬಸ್‌ಸ್ಟ್ಯಾಂಡಿನ ಹತ್ತಿರ ಕೊಡೆ ರಿಪೇರಿ ಮಾಡುವವನೊಬ್ಬ ಕೂರುತ್ತಾನೆ. ಮಳೆಗಾಲ ಮುಗಿಯುವಾಗ ಅವನ ಬಳಿ ಮುರಿದ ಕಡ್ಡಿಗಳ ಕಟ್ಟೇ ಇರುತ್ತದೆ. ಹಳಿಯ ಕೆಳಗೆ ಅಡ್ಡ ಹಾಸಿದ್ದು ತೆಂಗಿನ ಹಿಡಿಕಡ್ಡಿಯ, ಅಂದರೆ ಪೊರಕೆ ಕಡ್ಡಿಯ ತುಂಡು. ದೊಡ್ಡ ಅಂಗಿಗುಂಡಿಯ ಮೇಲೆ ಚಿಕ್ಕ ಗುಂಡಿ ಅಂಟಿಸಿದರೆ ರೈಲಿನ ಗಾಲಿ. ಚಿರೆಕಲ್ಲಿನ ಗುಡ್ಡ ನಿಜವಾಗಿಯೂ ಚಿರೆಕಲ್ಲಿನ ಪುಡಿಯದೇ. ಮೊದಲ ಸಲ ಅದನ್ನು ಗಂಜಿಯಲ್ಲಿ ಕಲಸಿ ಅಂಟಿಸಿದ್ದೆ. ಒಂದೇ ವಾರದಲ್ಲಿ ಇರುವೆಗಳು ಅರ್ಧ ಗುಡ್ಡ ಹೊತ್ತುಕೊಂಡು ಹೋದವು. ಆಮೇಲೆ ಫೆವಿಕಾಲಿಗೆ ಬಂದೆ. ಮೊನ್ನೆ ಮೊನ್ನೆ ನಮ್ಮ ಕಡೆಯ ಹಳಿಗೂ ಕರೆಂಟು ಬಂತಲ್ಲ, ಆಗ ನಾನೂ ಕಂಬ ನೆಟ್ಟು ಮೀನಿನ ಬಲೆಯ ದಾರ ಎಳೆದು ನನ್ನ ಊರಿಗೂ ಕರೆಂಟು ಕೊಟ್ಟೆ.

ಅಳತೆಯ ಕಥೆ ಬೇರೆ. ಶುರುವಿನಲ್ಲಿ ಒಂದು ಭಾನುವಾರ ಟೇಪು ಹಿಡಿದು ಮಂಕಿ ಸ್ಟೇಷನ್ನಿಗೆ ಹೋಗಿ ಪ್ಲಾಟ್‌ಫಾರ್ಮಿನ ಕಂಬ ಅಳೆಯುತ್ತಿದ್ದೆ. ಅಲ್ಲಿದ್ದ ಪೊಲೀಸಿನವ ಬಂದು ಯಾರು, ಎಲ್ಲಿಯವ, ಯಾಕೆ ಅಳೆಯುತ್ತೀ ಎಂದು ವಿಚಾರಿಸಿದ. ಆಟದ ರೈಲು ಕಟ್ಟಲಿಕ್ಕೆ ಎಂದರೆ ನಲವತ್ತು ವರ್ಷದ ಗಂಡಸನ್ನು ಯಾರು ನಂಬುತ್ತಾರೆ? ಮರುವಾರ ಟೇಪು ಬಿಟ್ಟು ಮಗಳನ್ನು ಕರೆದುಕೊಂಡು ಹೋದೆ. ಆಗ ಅವಳು ನಾಲ್ಕನೇ ಕ್ಲಾಸು. ಅವಳನ್ನು ಬೆಂಚಿನ ಪಕ್ಕ ನಿಲ್ಲಿಸಿ ಒಂದು ಫೋಟೋ, ನಲ್ಲಿಯ ಪಕ್ಕ ಒಂದು, ಕಂಬಕ್ಕೆ ಒರಗಿಸಿ ಇನ್ನೊಂದು. ಮಗಳ ಫೋಟೋ ತೆಗೆಯುವ ಅಪ್ಪನನ್ನು ಯಾರೂ ಏನೂ ಕೇಳುವುದಿಲ್ಲ. ಮನೆಗೆ ಬಂದು ಒಂದು ಬೆಂಕಿಕಡ್ಡಿಯನ್ನು ಉಗುರಿನಷ್ಟು ಉದ್ದಕ್ಕೆ ಮುರಿದು, ಅದಕ್ಕೆ ಕೆಂಪು ಫ್ರಾಕು ಬಣ್ಣ ಹಚ್ಚಿ, ಇದೇ ನನ್ನ ಮಗಳು ಎಂದುಕೊಂಡೆ. ಬೆಂಚು ಅವಳ ತೊಡೆಗೆ ಬಂದರೆ ನನ್ನ ಬೆಂಚು ಕಡ್ಡಿಯ ತೊಡೆಗೆ. ಕಂಬ ಮೂರು ಮಗಳು ಎತ್ತರವಿದ್ದರೆ ನನ್ನದು ಮೂರು ಕಡ್ಡಿ ಎತ್ತರ. ಇಷ್ಟು ಸುಲಭದ ಉಪಾಯ ಹೊಳೆಯಿತಲ್ಲ ಎಂದು ನನಗೆ ನನ್ನ ಬಗ್ಗೆಯೇ ಹೆಮ್ಮೆಯಾಗಿತ್ತು. ಅವಳಿಗೂ ಖುಷಿ, ಸ್ಟೇಷನ್ನಿನ ಹೊರಗೆ ಐಸ್‌ಕ್ಯಾಂಡಿ ಸಿಗುತ್ತಿತ್ತು.

ಹೀಗೆ ನಿಧಾನವಾಗಿ, ರಜೆ ಸಿಕ್ಕಾಗಲೆಲ್ಲ, ಕಟ್ಟಿಕೊಂಡು ಹೋದೆ. ಅವಳು ಶಾಲೆ ಮುಗಿಸಿದಳು, ಹೊನ್ನಾವರ ಸ್ಟೇಷನ್ನಿನ ಬೆಂಚು ಕಂಬಗಳ ಪಕ್ಕವೂ ಫೋಟೋಕ್ಕೆ ನಿಂತಳು, ಕಾಲೇಜು ಮುಗಿಸಿದಳು. ಕುಮಟೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿರುವ ಹುಡುಗನಿಗೆ ಅವಳನ್ನು ಮದುವೆ ಮಾಡಿಕೊಟ್ಟೆವು. ರೈಲು ಹೊನ್ನಾವರ ಮುಟ್ಟಿತ್ತು. ಒಂದೇ ಒಂದು ತೊಂದರೆ ಉಳಿದಿತ್ತು. ಮಂಕಿಯಲ್ಲಿ ಆರಾಮಾಗಿ ನಿಲ್ಲುವ ಬೋಗಿಗಳು ಹೊನ್ನಾವರಕ್ಕೆ ಹೋದ ಕೂಡಲೇ ಪ್ಲಾಟ್‌ಫಾರ್ಮಿನ ಮೇಲಿನ ಚಾವಣಿಗೆ, ಅದರ ಮಾಡಿಗೆ, ಕರಕರ ಉಜ್ಜುತ್ತಿದ್ದವು. ನಾನು ಮಾಡಿನ ಅಂಚು ಅರದಿಂದ ಉಜ್ಜಿ ಉಜ್ಜಿ ಸಣ್ಣ ಮಾಡಿದೆ. ಯಾಕೆ ಹೀಗೆ ಎಂದು ಗೊತ್ತಾಗಲಿಲ್ಲ.

ಆತು ತೆಗೀತೆ ಎಂದೆನಲ್ಲ, ಮರುದಿನ ತೆಗೆಯಲು ಹೋದೆ. ಗೋಡೆಯ ಸ್ಕ್ರೂ ಬಿಚ್ಚಿದೆ, ಒಂದು ತುದಿ ಎತ್ತಿ ಬಾಗಿಲಿನತ್ತ ತಿರುಗಿಸಿದೆ. ಹಲಗೆ ತಿರುಗಲಿಲ್ಲ. ಓರೆ ಮಾಡಿದೆ, ನಿಲ್ಲಿಸಿದೆ, ಒಂದು ಗುಡ್ಡದ ತುದಿ ಮುರಿದುಕೊಂಡೆ. ಬಾಗಿಲಿನ ಆಚೆ ಇರುವುದು ಕಿರಿದಾದ ಓಣಿ, ಅದೂ ತಕ್ಷಣ ಬಲಕ್ಕೆ ತಿರುಗುತ್ತದೆ. ಹದಿಮೂರು ವರ್ಷದಲ್ಲಿ ಒಂದು ದಿನವಾದರೂ ಇದನ್ನು ಹೊರಗೆ ತರುವುದು ಹೇಗೆ ಎಂದು ನಾನು ಯೋಚಿಸಿರಲಿಲ್ಲ. ತುಂಡು ತುಂಡಾಗಿ ಮಾಡಿ ಜೋಡಿಸಬಹುದಿತ್ತು. ಆದರೆ ದಿನವಿಡೀ ಕೈ ಮಾಡಿದಲ್ಲೆಲ್ಲ ಬಸ್ಸು ನಿಲ್ಲಿಸುವವನಿಗೆ ಮನೆಯಲ್ಲಾದರೂ ತಡೆಯಿಲ್ಲದ ಒಂದು ದಾರಿ ಬೇಕಿತ್ತು. ಹಲಗೆಗಳನ್ನು ಕೆಳಗಿನಿಂದ ಉದ್ದದ ಪಟ್ಟಿ ಹೊಡೆದು ಒಂದೇ ಮಾಡಿಬಿಟ್ಟಿದ್ದೆ.

ನಮ್ಮ ಮನೆಯ ಹಿಂದೆ ಕಡಲ ಕಡೆ ದೋಣಿ ಕಟ್ಟುವ ಮೇಸ್ತ್ರಿಯೊಬ್ಬರಿದ್ದಾರೆ. ಮನೆಮಾತು ಕೊಂಕಣಿ, ನಮ್ಮ ಜೊತೆ ಕನ್ನಡ. ಅವರನ್ನು ಕರೆದು ತೋರಿಸಿದೆ. ಅವರು ಹಲಗೆ ನೋಡಿದರು, ಬಾಗಿಲು ನೋಡಿದರು, ಮತ್ತೆ ಹಲಗೆ ನೋಡಿದರು. ಆಮೇಲೆ ನಗಲು ಶುರು ಮಾಡಿದವರು ನಿಲ್ಲಿಸಲೇ ಇಲ್ಲ.

"ನಾವು ದೋಣಿಗೆ ಮೊದಲ ಹಲಗೆ ಇಡೂ ಮುಂಚೆನೇ ನೀರಿಗೆ ಎಲ್ಲಿಂದ ಇಳಿಸೂದು ಅಂತ ನೋಡ್ತೇವೆ" ಎಂದರು. "ನೀನು ಮನೆ ಒಳಗೇ ದೋಣಿ ಕಟ್ಟಿ ಕೂತಿದ್ಯಲಾ."

"ಈಗ ಎಂತ ಮಾಡೂದು?"

"ಕೊಯ್ಯೂದು. ಗೋಡೆ ಒಡೀತ್ಯಾ ಮತ್ತೆ?"

ನಿಜ ಹೇಳಬೇಕೆಂದರೆ ಗೋಡೆ ಒಡೆಯುವ ವಿಚಾರ ನನ್ನ ತಲೆಗೆ ಬಂದಿತ್ತು. ಹೆಂಡತಿಯ ಮುಖ ನೆನಪಾಗಿ ಅಲ್ಲಿಗೇ ಬಿಟ್ಟೆ. ಮೇಸ್ತ್ರಿ ತಮ್ಮ ಸಣ್ಣ ಹಲ್ಲಿನ ಗರಗಸ ಕೊಟ್ಟು, "ನಡು ಹೊಳೆಲಿ ಕೊಯ್ಯಿ, ದಡಕ್ಕೆ ನೋವಾಗೂದು ಬೇಡ" ಎಂದು ಹೇಳಿ ಹೋದರು. ಗರಗಸ ಒಂದೂವರೆ ತಿಂಗಳು ಮೂಲೆಯಲ್ಲಿ ಇತ್ತು. ಇವತ್ತು ಡ್ಯೂಟಿ, ನಾಳೆ ತಲೆನೋವು. ಒಮ್ಮೆ ಕೊಯ್ದರೆ ಆ ಸೇತುವೆಯ ಮೇಲೆ ರೈಲು ಮತ್ತೆ ಓಡುವುದಿಲ್ಲ ಎಂಬ ಹೆದರಿಕೆ ನನಗೆ. ಹೆಂಡತಿ ಮಾತು ಬಿಟ್ಟಿದ್ದಳು, ಪಾತ್ರೆಗಳು ಮಾತ್ರ ಮಾತಾಡುತ್ತಿದ್ದವು.

ಏಳನೇ ತಿಂಗಳಲ್ಲಿ ಸೀಮಂತ ಮುಗಿಸಿಕೊಂಡು ಮಗಳು ಬಂದಳು. ಕೋಣೆ ಹಾಗೆಯೇ ಇತ್ತು. ಮೊದಲ ರಾತ್ರಿ ಅವಳು ಜಗಲಿಯ ಪಕ್ಕದ ಕೋಣೆಯಲ್ಲಿ ಮಲಗಿದಳು. ಬೆಳಿಗ್ಗೆ ಎದ್ದು ಸೊಂಟ ಹಿಡಿದುಕೊಂಡು ಬಂದು, "ಅದು ಅಲ್ಲೇ ಇರ್ಲಿ ಅಪ್ಪ, ನಂಗೆ ಇಲ್ಲಿ ಅಡ್ಡಿಲ್ಲ" ಎಂದಳು. ನನಗೆ ತಲೆ ತಗ್ಗಿಸುವಂತಾಯಿತು. ಅವಳು ಬೈದಿದ್ದರೆ ಇನ್ನೂ ಒಂದು ವಾರ ತಳ್ಳುತ್ತಿದ್ದೆನೋ ಏನೋ. ಚಹಾ ಕೂಡ ಕುಡಿಯದೆ ಗರಗಸ ತೆಗೆದೆ.

ಅವಳು ಕುರ್ಚಿ ಹಾಕಿಸಿಕೊಂಡು ಹೊನ್ನಾವರದ ತುದಿಯಲ್ಲಿ ಕೂತಳು. ಬೇಡವೆಂದರೂ ಕೇಳದೆ ಹಲಗೆಗೆ ಕೈ ಒತ್ತಿ ಹಿಡಿದಳು. ನಾನು ಸೇತುವೆಯ ಎರಡು ಕಂಬಗಳ ನಡುವೆ ದಾರ ಹಿಡಿದು ಗೆರೆ ಹಾಕುತ್ತಿದ್ದೆ. ಆಗ ಅವಳಿಗೆ ಮಂಕಿಯ ಬೆಂಚಿನ ಪಕ್ಕ ನಿಂತಿದ್ದ ಕೆಂಪು ಫ್ರಾಕಿನ ಕಡ್ಡಿ ಕಂಡಿತು. ಅದನ್ನು ಕಿತ್ತು ಹೊನ್ನಾವರದ ಬೆಂಚಿನ ಪಕ್ಕ ನಿಲ್ಲಿಸಿದಳು. ಮಂಕಿಯ ಬೆಂಚು ಕಡ್ಡಿಯ ತೊಡೆಗಿತ್ತು. ಹೊನ್ನಾವರದ್ದು ಮೊಣಕಾಲಿಗಿಂತ ಸ್ವಲ್ಪ ಮೇಲೆ.

"ಅಪ್ಪ, ಮಂಕಿ ಅಳತೆ ತೆಗೆಯುವಾಗ ನಾನು ಎಷ್ಟನೇ ಕ್ಲಾಸು?"

"ನಾಲ್ಕು."

"ಹೊನ್ನಾವರ?"

"ಕಾಲೇಜು ಇರ್ಬೇಕು. ಯಾಕೆ?"

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಒಳಗಿನಿಂದ ಹೆಂಡತಿ ಗಾಬರಿಯಾಗಿ ಓಡಿ ಬಂದಳು. ನನಗೆ ಮೊದಲು ಸಿಟ್ಟೇ ಬಂತು, ಆಮೇಲೆ ಅರ್ಥವಾಯಿತು. ಮಗಳು ಬೆಳೆದಿದ್ದಳು, ನನ್ನ ಕಡ್ಡಿ ಬೆಳೆದಿರಲಿಲ್ಲ. ಮೂರು ಮಗಳು ಎತ್ತರದ ಕಂಬ ಹೊನ್ನಾವರಕ್ಕೆ ಬರುವಷ್ಟರಲ್ಲಿ ಎರಡು ಚಿಲ್ಲರೆ ಮಗಳಾಗಿತ್ತು. ಅದಕ್ಕೇ ಮಾಡು ತಗ್ಗು, ಅದಕ್ಕೇ ಬೋಗಿ ಉಜ್ಜುತ್ತಿದ್ದದ್ದು. ದಿನಾ ಕಣ್ಣ ಮುಂದೆ ಓಡಾಡುತ್ತಿದ್ದ ಹುಡುಗಿ ಉದ್ದವಾಗುತ್ತಿದ್ದಾಳೆ ಎಂದು ಹೆತ್ತ ಅಪ್ಪನಿಗೆ ಹೊಳೆದಿರಲಿಲ್ಲ. ಬಸ್ಸಿನಲ್ಲಿ ಬೇರೆಯವರ ಮಕ್ಕಳನ್ನು ಒಮ್ಮೆ ನೋಡಿದರೆ ಸಾಕು, ಅರ್ಧ ಟಿಕೆಟ್ಟೋ ಪೂರ್ತಿಯೋ ಎಂದು ಹೇಳುವವ ನಾನು.

ಮೂವರೂ ನಕ್ಕೆವು. ಹಾಗೆ ನಗುತ್ತಲೇ ಕೊಯ್ದೆ. ಅಂದುಕೊಂಡಷ್ಟು ಕಷ್ಟವಾಗಲಿಲ್ಲ.

ಮಂಕಿಯ ಅರ್ಧ ಅಟ್ಟ ಹತ್ತಿತು, ಹೊನ್ನಾವರದ ಅರ್ಧ ಮಂಚದ ಕೆಳಗೆ ಸೇರಿತು. ಹೆಂಡತಿ ಕೋಣೆಯನ್ನು ಮೂರು ಸಲ ತೊಳೆದಳು. ಆದರೂ ಗೋಡೆಯ ಬುಡದಲ್ಲಿ ಚಿರೆಕಲ್ಲಿನ ಕೆಂಪು ಉಳಿದೇ ಹೋಯಿತು. ಹೊನ್ನಾವರದ ಆಸ್ಪತ್ರೆಯಲ್ಲಿ ಸುಖವಾಗಿ ಹೆರಿಗೆಯಾಗಿ ಮೊಮ್ಮಗಳು ಮನೆಗೆ ಬಂದಳು. ಎಣ್ಣೆ, ಬಿಸಿನೀರು, ಧೂಪದ ಹೊಗೆ, ತೊಟ್ಟಿಲು ಎಂದು ಮನೆ ಐದು ತಿಂಗಳು ಗಲಗಲ ಇತ್ತು. ರೈಲಿನ ನೆನಪು ನನಗೆ ಬರಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಡ್ಯೂಟಿ ಮುಗಿಸಿ ಬಂದು ಮಗುವನ್ನು ಎತ್ತಿಕೊಳ್ಳುವಾಗ ಮಂಚದ ಕೆಳಗೆ ಒಮ್ಮೆ ಬಗ್ಗಿ ನೋಡುತ್ತಿದ್ದೆ, ಅಷ್ಟೆ.

ಗಂಡನ ಮನೆಗೆ ಹೊರಡುವ ಹಿಂದಿನ ದಿನ ಮಗಳು ಬಟ್ಟೆ ಮಡಚುತ್ತಾ, "ಹೊನ್ನಾವರ ನಂಗೆ ಕೊಡು ಅಪ್ಪ" ಎಂದಳು.

"ಅರ್ಧ ಸೇತುವೆ ತಕಂಡು ಎಂತ ಮಾಡ್ತೆ?"

"ಅಲ್ಲಿಂದ ಮುಂದೆ ಕುಮಟೆ ಅಲ್ವಾ? ಕಟ್ತೇನೆ. ಕರೆಂಟಿನ ಕೆಲ್ಸ ಅವ್ರಿಗೆ ಬರ್ತದೆ." ಅವರು ಎಂದರೆ ಅಳಿಯ.

ಅವಳು ಚಿಕ್ಕವಳಿದ್ದಾಗಿನ ಅರ್ಧ ನನ್ನ ಬಳಿ ಉಳಿಯುತ್ತದೆ, ದೊಡ್ಡವಳಾದ ಮೇಲಿನ ಅರ್ಧ ಅವಳ ಜೊತೆ ಹೋಗುತ್ತದೆ ಎಂದು ಲೆಕ್ಕ ಹಾಕುತ್ತಾ ನಿಂತಿದ್ದೆ. ಸಂಕಟವಾಯಿತು, ಅದಕ್ಕಿಂತ ಹೆಚ್ಚು ಸಂತೋಷವೂ ಆಯಿತು. ಹದಿಮೂರು ವರ್ಷ ಎಂತ ಪ್ರಯೋಜನ ಎಂದು ಕೇಳದೆ ಇದ್ದವಳು ಅವಳೊಬ್ಬಳೇ.

ರೈಲು ಬಸ್ಸಿನಲ್ಲಿ ಕುಮಟೆಗೆ ಹೋಯಿತು. ನಾನು ರಜೆ ಹಾಕಿದ್ದೆ. ನನ್ನ ಜೊತೆಗಾರ ಕಂಡಕ್ಟರ್ ಹಲಗೆಯನ್ನು ಮೇಲಿಂದ ಕೆಳಗೆ ನೋಡಿ, ಮುಖದಲ್ಲಿ ಒಂದಿಷ್ಟೂ ನಗುವಿಲ್ಲದೆ ಲಗೇಜ್ ಟಿಕೆಟ್ ಕೊಟ್ಟ. ನಾನಾಗಿದ್ದರೂ ಕೊಡುತ್ತಿದ್ದೆ. ಶರಾವತಿಯ ಮೇಲೆ ಬಸ್ಸು ಹೋಗುವಾಗ ಕಿಟಕಿಯಾಚೆ ನಿಜವಾದ ರೈಲು ಸೇತುವೆ ಕಂಡಿತು. ಅದರ ಕಂಬಗಳನ್ನು ಒಮ್ಮೆಯಾದರೂ ಪೂರ್ತಿ ಎಣಿಸಬೇಕೆಂದು ವರ್ಷಗಳಿಂದ ಆಸೆ. ಡ್ಯೂಟಿಯಲ್ಲಿ ಟಿಕೆಟ್ ಕೇಳುವವರು ಬಿಡುತ್ತಿರಲಿಲ್ಲ. ಆ ದಿನ ಎಣಿಸಬಹುದಿತ್ತು, ಆದರೆ ಮಗು ತೊಡೆಯ ಮೇಲೆ ನಿದ್ದೆ ಮಾಡುತ್ತಿತ್ತು. ಅದರ ಮುಖವನ್ನೇ ನೋಡುತ್ತಾ ಹೊಳೆ ದಾಟಿದೆ.

ಈಗ ನನ್ನ ರೈಲು ಮಂಕಿಯಿಂದ ಹೊರಟು ನಡು ಸೇತುವೆಯವರೆಗೆ ಹೋಗಿ ಹಿಂದೆ ಬರುತ್ತದೆ. ಅಟ್ಟದಿಂದ ಇಳಿಸಿ ಅದೇ ಕೋಣೆಯಲ್ಲಿ ಇಟ್ಟದ್ದು ಹೆಂಡತಿಯೇ ಹೇಳಿದ ಮೇಲೆ. ಕೋಣೆ ಖಾಲಿ ಕಂಡರೆ ಅವಳಿಗೂ ಆಗುವುದಿಲ್ಲ.

ಮೊನ್ನೆ ಕುಮಟೆಯಿಂದ ಮೊಬೈಲಿಗೆ ಒಂದು ಫೋಟೋ ಬಂತು. ಸ್ಟೇಷನ್ನಿನ ಬೆಂಚು ಹಿಡಿದುಕೊಂಡು, ಇನ್ನೂ ಸರಿಯಾಗಿ ಕಾಲೂರದೆ, ಮೊಮ್ಮಗಳು ನಿಂತಿದ್ದಾಳೆ. ಬೆಂಚು ಅವಳ ಎದೆಗೆ ಬರುತ್ತದೆ. ಕೆಳಗೆ ಮಗಳು ಬರೆದಿದ್ದಳು: "ಅಳತೆ ಶುರು ಮಾಡಿದ್ದೇನೆ ಅಪ್ಪ. ಇವಳೂ ಬೆಳೀತಾಳೆ, ಬೇಗ ಬಾ."

ಈ ಭಾನುವಾರಕ್ಕೆ ರಜೆ ಬರೆದುಕೊಟ್ಟಿದ್ದೇನೆ. ಬೆಂಕಿಪೊಟ್ಟಣ ಚೀಲದಲ್ಲಿ ಇಟ್ಟಾಯಿತು.